ಪ್ರತಿ: ತೊರೆಗೆ ದಿಮ್ಮಿ ಅಡ್ಡ ಹಾಕಿದರೆ ಪ್ರವಾಹ ಜಾಸ್ತಿ ಆಗುವುದಿಲ್ಲವೇ?

ಇಂಗ್ಲೆಂಡಿನ ಪಿಕರಿಂಗ್ ಊರಿನ ಮೇಲ್ಭಾಗದ ತೊರೆಗಳಿಗೆ ಮರದ ದಿಮ್ಮಿ ಅಡ್ಡ ಹಾಕಿದ್ದಾರಲ್ಲ, ಅದರಿಂದ ನೀರು ಉಕ್ಕುವುದಿಲ್ಲವೇ ಎಂದು ಕೇಳಿದ್ದೀರಿ. ಉಕ್ಕುತ್ತದೆ. ಆದರೆ ಊರಿನಲ್ಲಲ್ಲ, ಮೇಲಿನ ಕಾಡಿನಲ್ಲಿ. ಬೇಕಾಗಿರುವುದೂ ಅದೇ ಅಲ್ವಾ!

ದಿಮ್ಮಿಯ ಕೆಳಗೆ ಜಾಗ ಬಿಟ್ಟಿರುತ್ತಾರೆ. ಮಾಮೂಲಿ ದಿನಗಳಲ್ಲಿ ನೀರು, ಮೀನು ಎರಡೂ ಸಲೀಸಾಗಿ ದಾಟುತ್ತವೆ. ಜೋರು ಮಳೆಗೆ ಮಟ್ಟ ಏರಿದಾಗ ಮಾತ್ರ ದಿಮ್ಮಿ ನೀರನ್ನು ತಡೆದು ಅಕ್ಕಪಕ್ಕದ ಕಾಡಿಗೆ ಹರಡುತ್ತದೆ, ಆ ನೀರು ನಿಧಾನಕ್ಕೆ ಕೆಳಗಿಳಿಯುವುದರಿಂದ ಎಲ್ಲವೂ ಒಂದೇ ಸಲ ಊರಿಗೆ ನುಗ್ಗುವುದು ತಪ್ಪುತ್ತದೆ.

ಅಲ್ಲಿ 2007ರಲ್ಲಿ ದೊಡ್ಡ ಪ್ರವಾಹ ಬಂದಿತ್ತು. ಕಾಂಕ್ರೀಟ್ ಗೋಡೆಗೆ ಸುಮಾರು 2 ಕೋಟಿ ಪೌಂಡ್ ಬೇಕಿತ್ತು, ಅಷ್ಟು ದುಡ್ಡು ಸಿಗಲಿಲ್ಲ. ಅದಕ್ಕೇ ಇಂಥ 167 ದಿಮ್ಮಿ ಅಡ್ಡಗಳನ್ನು ಹಾಕಿದರು, ಗಿಡ ನೆಟ್ಟರು, ಜೊತೆಗೆ 1.2 ಲಕ್ಷ ಘನ ಮೀಟರ್ ನೀರು ಹಿಡಿಯುವ ಒಡ್ಡನ್ನೂ ಕಟ್ಟಿದರು. 2015ರ ಡಿಸೆಂಬರ್ ಮಳೆಯಲ್ಲಿ ನದಿಯ ಗರಿಷ್ಠ ಹರಿವು ಶೇಕಡಾ 15ರಿಂದ 20ರಷ್ಟು ತಗ್ಗಿತು ಎಂದು ಅಂದಾಜು ಮಾಡಿದ್ದಾರೆ, ಊರು ಉಳಿಯಿತು. ಅದರಲ್ಲಿ ಸುಮಾರು ಅರ್ಧ ಪಾಲು ಒಡ್ಡಿನದು, ಹಾಗಾಗಿ ದಿಮ್ಮಿಯೊಂದೇ ಎಲ್ಲ ಮಾಡಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಭಯ ನಿಜವಾಗುವ ಸಂದರ್ಭವೂ ಇದೆ. ದಿಮ್ಮಿಯನ್ನು ಗಟ್ಟಿಯಾಗಿ ಕೂರಿಸದೆ ಸುಮ್ನೆ ಎಸೆದರೆ ಅದು ತೇಲಿ ಹೋಗಿ ಕೆಳಗಿನ ಸೇತುವೆಗೆ ಸಿಕ್ಕಿಕೊಳ್ಳುತ್ತದೆ. ಮನೆ, ಸೇತುವೆ, ಮೋರಿಗಳ ಹತ್ತಿರ ಇದನ್ನು ಹಾಕಲೇಬಾರದು.