ಸ್ಪೀಡೋಮೀಟರ್ ಜಿಪಿಎಸ್‌ಗಿಂತ ಜಾಸ್ತಿ ತೋರಿಸುತ್ತಿದೆ, ಸರಿ ಮಾಡಿಸಬಹುದಾ?

ಫೋನಿನ ಜಿಪಿಎಸ್ 100 ಅನ್ನುವಾಗ ಕಾರಿನ ಮುಳ್ಳು 106ರಲ್ಲಿ ನಿಂತಿರುತ್ತದೆ, ಮೀಟರ್ ಸರಿ ಮಾಡಿಸಬಹುದಾ ಅಂತ ಕೇಳಿದ್ದೀರಿ. ನನ್ನ ಕಾರಿನಲ್ಲೂ ಇದೇ ಎರಡು ಅಂಕಿ ಇದ್ದವು. ಮಾಡಿಸಬಹುದು, ನಾನು ಮಾಡಿಸಿದೆ. ನೀವು ಮಾಡಿಸಬೇಡಿ.

ನನ್ನದು ಸ್ವಲ್ಪ ಹಳೆಯ ಕಾರು. ವೇಗದ ಸೆನ್ಸರ್ ಗೇರ್‌ಬಾಕ್ಸ್ ಮೇಲಿದೆ. ಚಕ್ರ ತಿರುಗಿದಂತೆ ಅದು ಪಲ್ಸ್, ಅಂದರೆ ಸಣ್ಣ ವಿದ್ಯುತ್ ಸಂಕೇತ, ಕಳಿಸುತ್ತದೆ, ಮೀಟರ್ ಅದನ್ನು ಎಣಿಸಿ ಮುಳ್ಳನ್ನು ಎತ್ತುತ್ತದೆ. ಈಗಿನ ಕಾರುಗಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ಎಬಿಎಸ್‌ನ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಚಕ್ರದ ಸೆನ್ಸರ್‌ಗಳೇ ಮಾಡುತ್ತವೆ. ಎರಡರಲ್ಲೂ ಒಂದು ಮಾತು ನಿಜ: ಕಾರಿಗೆ ರಸ್ತೆ ಕಾಣುವುದಿಲ್ಲ. ಚಕ್ರ ಎಷ್ಟು ಸುತ್ತು ತಿರುಗಿತು ಅನ್ನುವುದಷ್ಟೇ ಅದಕ್ಕೆ ಗೊತ್ತು. ಒಂದು ಸುತ್ತಿಗೆ ಎಷ್ಟು ದೂರ ಅನ್ನುವುದನ್ನು ಕಂಪನಿಯವರು ಮೊದಲೇ ಬರೆದಿಟ್ಟಿರುತ್ತಾರೆ.

ಇದು ನನಗೆ ಆಗ ತಿಳಿದಿರಲಿಲ್ಲ. 6 ಕಿಲೋಮೀಟರ್ ವ್ಯತ್ಯಾಸ ನೋಡಿ ಮೀಟರ್ ಕೆಟ್ಟಿದೆ ಅಂದುಕೊಂಡೆ. ಸುಳ್ಳು ಹೇಳುವ ಮೀಟರ್ ನೋಡಿಕೊಂಡು ಓಡಿಸುವುದು ಹೇಗೆ ಅಂತ ಮನಸ್ಸಿಗೆ ಕಿರಿಕಿರಿ. ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಸೆನ್ಸರ್ ವೈರಿನ ನಡುವೆ ಒಂದು ಚಿಕ್ಕ ಬಾಕ್ಸ್ ಕೂರಿಸಬಹುದು, ಎಷ್ಟು ಬೇಕೋ ಅಷ್ಟು ಪಲ್ಸ್ ಕಡಿಮೆ ಮಾಡುತ್ತದೆ ಅಂದರು. ಆಮೇಲೆ ಬಗ್ಗಿ ಚಕ್ರ ನೋಡಿ, ‘ಟೈರ್ ಸವೆದಿದೆಯಲ್ಲ, ಮೊದಲು ಅದನ್ನ ಬದಲಾಯಿಸಿ ಬನ್ನಿ’ ಅಂದರು.

‘ಇರಲಿ, ಈಗ ಹಾಕಿಬಿಡಿ’ ಅಂದೆ.

ನನ್ನ ತಪ್ಪು ಪೂರ್ತಿ ಈ ಒಂದು ಮಾತಿನಲ್ಲೇ ಇದೆ. ಅದನ್ನು ಬಿಡಿಸಿ ಹೇಳುತ್ತೇನೆ, ಸ್ವಲ್ಪ ಲೆಕ್ಕ ಬರುತ್ತದೆ.

ನನ್ನ ಕಾರಿನ ಟೈರ್ 185/65 ಆರ್15. ರಿಮ್ 15 ಇಂಚು, ಅಂದರೆ 381 ಮಿಲಿಮೀಟರ್. ಟೈರಿನ ಗೋಡೆ 185ರ ಶೇ. 65, ಅಂದರೆ ಸುಮಾರು 120 ಮಿಲಿಮೀಟರ್. ಮೇಲೊಂದು ಕೆಳಗೊಂದು ಸೇರಿಸಿದರೆ ಒಟ್ಟು ವ್ಯಾಸ 621.5. ಇದು ಹೊಸ ಟೈರಿನ ಲೆಕ್ಕ. ಹೊಸ ಟೈರಿನ ಮೇಲಿನ ಗೀರುಗಳು (ಟ್ರೆಡ್) ಸುಮಾರು 8 ಮಿಲಿಮೀಟರ್ ಆಳ ಇರುತ್ತವೆ. ನನ್ನದರಲ್ಲಿ 2 ಉಳಿದಿತ್ತು. 6 ಮಿಲಿಮೀಟರ್ ಸವೆದರೆ ವ್ಯಾಸದಲ್ಲಿ 12 ಹೋಯಿತು, ಹತ್ತಿರ ಹತ್ತಿರ ಶೇ. 2. ಚಿಕ್ಕ ಚಕ್ರ ಅಷ್ಟೇ ದೂರಕ್ಕೆ ಜಾಸ್ತಿ ಸುತ್ತು ತಿರುಗುತ್ತದೆ, ಹಾಗಾಗಿ ಮುಳ್ಳು ಇನ್ನಷ್ಟು ಮೇಲೆ ಹೋಗುತ್ತದೆ. ಅಂದರೆ ನಾನು ಕಂಡ 6ರಲ್ಲಿ 2 ಮೀಟರಿನದ್ದೇ ಅಲ್ಲ, ಸವೆದ ಟೈರಿನದ್ದು.

ಉಳಿದ 4? ಅದು ಕೂಡ ಕೆಟ್ಟದ್ದಲ್ಲ. ಬೇಕೆಂದೇ ಇಟ್ಟದ್ದು. ಹಲವು ದೇಶಗಳು ಪಾಲಿಸುವ ವಿಶ್ವಸಂಸ್ಥೆಯ ವಾಹನ ನಿಯಮ 39 ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಜಾಸ್ತಿ ತೋರಿಸಬಹುದು, ಅದಕ್ಕೂ ಒಂದು ಮಿತಿ ಇದೆ: ನಿಜವಾದ ವೇಗದ ಹತ್ತನೇ ಒಂದು ಭಾಗ, ಅದರ ಮೇಲೆ 4 ಕಿಲೋಮೀಟರ್. 100ರಲ್ಲಿ ಓಡುವ ಕಾರು 114ರವರೆಗೆ ತೋರಿಸಿದರೂ ನಿಯಮದ ಒಳಗೇ ಇರುತ್ತದೆ. 60ಕ್ಕೆ 70 ತೋರಿಸಬಹುದು. ಟೈರ್ ಹೊಸದೋ ಹಳೆಯದೋ, ಗಾಳಿ ಎಷ್ಟಿದೆ, ಹಿಂದೆ ಎಷ್ಟು ಭಾರ ಇದೆ ಅನ್ನುವುದು ಕಾರು ಮಾಡುವವರಿಗೆ ಗೊತ್ತಿರುವುದಿಲ್ಲ. ಏನೇ ಆದರೂ ಮುಳ್ಳು ಕೆಳಗೆ ಬೀಳಬಾರದು ಅಂತ ಸ್ವಲ್ಪ ಮೇಲೆ ಇಟ್ಟಿರುತ್ತಾರೆ. ಆ ಅಂತರವನ್ನೇ ನಾನು ಕಿತ್ತುಹಾಕಿಸಿದೆ. ಅದನ್ನೂ ಅಳೆದದ್ದು ಸವೆದ ಟೈರಿನ ಮೇಲೆ.

ಬಾಕ್ಸ್ ಕೂತ ದಿನ ಫೋನ್ 100, ಮುಳ್ಳು 100. ತುಂಬಾ ಖುಷಿಯಾಗಿತ್ತು.

ಮೂರು ತಿಂಗಳ ಮೇಲೆ ಟೈರ್ ಬದಲಾಯಿಸಿದೆ. ಕಾರು ಸ್ವಲ್ಪ ಎತ್ತರ ಕಾಣಲಿ ಅಂತ 205/65 ಆರ್15 ಹಾಕಿಸಿದೆ. ಅದರ ವ್ಯಾಸ 647.5. ಸವೆದ ಹಳೆಯ ಟೈರಿನ 609.5ರ ಪಕ್ಕ ಇಟ್ಟು ನೋಡಿ, ಶೇ. 6ಕ್ಕಿಂತ ಜಾಸ್ತಿ ವ್ಯತ್ಯಾಸ. ಈಗ ಮುಳ್ಳು 100ರಲ್ಲಿದ್ದಾಗ ಕಾರು ನಿಜವಾಗಿ ಓಡುತ್ತಿದ್ದದ್ದು 106ರಲ್ಲಿ. ನನಗೆ ಏನೂ ಗೊತ್ತಾಗಲಿಲ್ಲ. ನನ್ನ ಮೀಟರ್ ಒಂದೇ ಪಕ್ಕಾ ಇರುವುದು ಅನ್ನುವ ನಂಬಿಕೆ ಬೇರೆ.

ಒಂದೇ ವಾರದಲ್ಲಿ ಎರಡು ದಂಡದ ನೋಟಿಸ್ ಬಂತು. ಮಿತಿ 100, ಕ್ಯಾಮೆರಾ ಹಿಡಿದದ್ದು 106. ಎರಡು ಸಲವೂ ಮುಳ್ಳು 100 ದಾಟಿರಲಿಲ್ಲ, ಅದು ನನಗೆ ಚೆನ್ನಾಗಿ ನೆನಪಿತ್ತು. ಕ್ಯಾಮೆರಾನೇ ತಪ್ಪು ಅಂತ ದೂರು ಬರೆಯಲು ಕೂತೆ. ಸಾಕ್ಷಿ ಇರಲಿ ಅಂತ ಫೋನ್ ಹಿಡಿದು ಅದೇ ರಸ್ತೆಯಲ್ಲಿ ಇನ್ನೊಮ್ಮೆ ಹೋದೆ, ಪಕ್ಕದಲ್ಲಿ ಹೆಂಡತಿ ಕೂತು ಓದಿ ಹೇಳುತ್ತಿದ್ದಳು. ‘ನೂರಾ ಆರು’ ಅಂದಳು. ಮುಳ್ಳು 100ರಲ್ಲೇ ಇತ್ತು. ದೂರು ಬರೆಯಲಿಲ್ಲ, ದಂಡ ಕಟ್ಟಿದೆ.

ದಂಡಕ್ಕಿಂತ ಜಾಸ್ತಿ ನಷ್ಟ ಆದದ್ದು ಓಡೋಮೀಟರಿನಿಂದ, ಅಂದರೆ ಕಾರು ಒಟ್ಟು ಎಷ್ಟು ಕಿಲೋಮೀಟರ್ ಓಡಿತು ಅಂತ ಎಣಿಸುವ ಮೀಟರಿನಿಂದ. ಇದನ್ನು ಯಾರೂ ಹೇಳುವುದಿಲ್ಲ. ಮುಳ್ಳನ್ನು ಮೇಲೆ ಎತ್ತಿಟ್ಟಿರುತ್ತಾರೆ ನಿಜ, ಆದರೆ ಕಿಲೋಮೀಟರ್ ಲೆಕ್ಕ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಎರಡಕ್ಕೂ ಪಲ್ಸ್ ಒಂದೇ, ಲೆಕ್ಕ ಬೇರೆ. ಬಾಕ್ಸ್ ಪಲ್ಸ್‌ನ ಮೂಲದಲ್ಲೇ ಕಡಿಮೆ ಮಾಡಿದ್ದರಿಂದ ಸರಿ ಇದ್ದ ಓಡೋಮೀಟರ್ ಕೂಡ ಕೆಟ್ಟಿತು. ದೊಡ್ಡ ಟೈರ್ ಬಂದ ಮೇಲೆ 100 ಕಿಲೋಮೀಟರ್ ಓಡಿದರೆ 91 ಅಂತ ಬರೆದುಕೊಳ್ಳುತ್ತಿತ್ತು. ಲೀಟರಿಗೆ 18 ಬರುತ್ತಿದ್ದ ಮೈಲೇಜ್ ಬಾಕ್ಸ್ ಹಾಕಿದಾಗ 17 ಆಯಿತು, ಟೈರ್ ಹಾಕಿದಾಗ 16. ಇಂಜಿನ್‌ಗೆ ಏನೋ ಆಗಿದೆ ಅಂತ ಹೆದರಿ ಪ್ಲಗ್ ಬದಲಾಯಿಸಿದೆ, ಇಂಜೆಕ್ಟರ್ ಕ್ಲೀನ್ ಮಾಡಿಸಿದೆ. ಇಂಜಿನ್‌ಗೆ ಏನೂ ಆಗಿರಲಿಲ್ಲ. 10,000 ಕಿಲೋಮೀಟರಿಗೆ ಮಾಡಿಸಬೇಕಾದ ಆಯಿಲ್ ಸರ್ವಿಸ್ ನಿಜವಾಗಿ 11,000ಕ್ಕೆ ಆಗುತ್ತಿತ್ತು. ಹಾಗೇ ಬಿಟ್ಟಿದ್ದರೆ, ಮಾರುವ ದಿನ ಓಡಿದ್ದಕ್ಕಿಂತ ಕಡಿಮೆ ಕಿಲೋಮೀಟರ್ ತೋರಿಸುವ ಕಾರನ್ನು ಇನ್ನೊಬ್ಬರ ಕೈಗೆ ಕೊಡುತ್ತಿದ್ದೆ. ಅದು ಮೋಸ. ನನಗೆ ಗೊತ್ತಿಲ್ಲದೆ ಆದರೂ ಮೋಸವೇ.

ಹಾಗಾಗಿ ನೀವು ಕೇಳಿದ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಮೀಟರ್‌ನಲ್ಲಿ ಸರಿ ಮಾಡಿಸುವಂಥದ್ದು ಏನೂ ಇಲ್ಲ. 100ಕ್ಕೆ 106 ಅಂದರೆ ಅದು ಆರೋಗ್ಯವಾಗಿದೆ. ನಿಖರವಾದ ವೇಗ ಬೇಕಾದರೆ ಫೋನ್ ನೋಡಿ. ನೇರವಾದ ಸಮತಟ್ಟು ರಸ್ತೆಯಲ್ಲಿ ಒಂದೇ ವೇಗ ಹಿಡಿದು ಹತ್ತು ಸೆಕೆಂಡ್ ಕಾದರೆ ಜಿಪಿಎಸ್ ಚೆನ್ನಾಗಿ ಹೇಳುತ್ತದೆ. ವೇಗ ಏರಿಸುವಾಗ, ಇಳಿಸುವಾಗ ಅದು ಒಂದು ಹೆಜ್ಜೆ ಹಿಂದೆ ಇರುತ್ತದೆ. ಸುರಂಗದಲ್ಲಿ ನಂಬಬೇಡಿ. ಫೋನ್ ಬೇಡ ಅಂದರೆ ಕಿಲೋಮೀಟರ್ ಕಲ್ಲು ಮತ್ತು ಸ್ಟಾಪ್‌ವಾಚ್ ಸಾಕು: ಒಂದು ಕಿಲೋಮೀಟರಿಗೆ 60 ಸೆಕೆಂಡ್ ಆದರೆ ವೇಗ 60, 40 ಸೆಕೆಂಡ್ ಆದರೆ 90, 36 ಸೆಕೆಂಡ್ ಆದರೆ 100. ಸಮಯವನ್ನು ಪಕ್ಕದಲ್ಲಿ ಕೂತವರು ನೋಡಲಿ, ಓಡಿಸುವವರಲ್ಲ.

ಮೂರು ವೇಗದಲ್ಲಿ ನೋಡಿ ಬರೆದಿಟ್ಟುಕೊಳ್ಳಿ. 50ಕ್ಕೆ 53, 100ಕ್ಕೆ 106 ಅಂತ ವೇಗದ ಜೊತೆ ವ್ಯತ್ಯಾಸ ಬೆಳೆದರೆ ಅದು ಟೈರಿನ ಅಥವಾ ಕಂಪನಿ ಇಟ್ಟ ಅಂತರದ ಲೆಕ್ಕ. 30ಕ್ಕೂ 6, 100ಕ್ಕೂ 6 ಅಂದರೆ ಮುಳ್ಳು ಕೂತ ಜಾಗವೇ ತಪ್ಪಿರಬಹುದು. ಯಾರಾದರೂ ಮೀಟರ್ ಬಿಚ್ಚಿದ್ದರಾ ಕೇಳಿ.

ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಿದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ. ಆಗಲೂ ಮೊದಲು ಟೈರ್ ನೋಡಿ. ಟೈರಿನ ಮೇಲಿರುವ ಅಳತೆ, ಚಾಲಕನ ಬಾಗಿಲ ಹತ್ತಿರದ ಸ್ಟಿಕ್ಕರ್ ಮೇಲಿರುವ ಅಳತೆ, ಎರಡೂ ಒಂದೇನಾ? ಬೇರೆ ಅಳತೆಯೇ ಬೇಕು ಅಂದರೆ, ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಹಾಕಿ ಕಂಪ್ಯೂಟರಿನಲ್ಲೇ ಟೈರಿನ ಅಳತೆ ಬದಲಾಯಿಸಬಹುದು. ಅದು ಒಪ್ಪುವ ದಾರಿ. ಕೇಬಲ್ ಮೀಟರಿನ ಹಳೆಯ ಕಾರಾದರೆ ಕಥೆ ಬೇರೆ. ಅದರೊಳಗೆ ಅಯಸ್ಕಾಂತ ತಿರುಗಿ ಅಲ್ಯೂಮಿನಿಯಂ ಬಟ್ಟಲನ್ನು ಎಳೆಯುತ್ತದೆ, ಒಂದು ಸಣ್ಣ ಸ್ಪ್ರಿಂಗ್ ಅದನ್ನು ತಡೆಯುತ್ತದೆ. ಅಯಸ್ಕಾಂತ ಸೋತರೆ ಮುಳ್ಳು ಕೆಳಗೆ ಬೀಳುತ್ತದೆ. ಅಂಥದ್ದನ್ನು ಮೀಟರ್ ರಿಪೇರಿ ಗೊತ್ತಿರುವವರ ಕೈಗೇ ಕೊಡಬೇಕು.

ನಾನು ಅದೇ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ಬಾಕ್ಸ್ ತೆಗೆಸಿದೆ. ಅವರು ಒಂದು ಮಾತೂ ಆಡದೆ ವೈರ್ ಮೊದಲಿನಂತೆ ಜೋಡಿಸಿ ಬೆಸುಗೆ ಹಾಕಿ ಕೊಟ್ಟರು. ದೊಡ್ಡ ಟೈರ್‌ಗಳನ್ನು ಕೊಟ್ಟು 185/65 ಹೊಸದು ಹಾಕಿಸಿದೆ. ಈಗ ಫೋನ್ 100 ಅಂದಾಗ ಮುಳ್ಳು 104ರಲ್ಲಿರುತ್ತದೆ. ಟೈರ್ ಸವೆದಂತೆ ಅದು ಮತ್ತೆ 106ಕ್ಕೆ ಹೋಗುತ್ತದೆ, ಹೋಗಲಿ.