ಕಿರ್ದಿ ಒಂದಿರಲಿ, ಖಾತೆ ತಾನಾಗಿ ಬರುತ್ತೆ: ಓದುಗರ ಎಕ್ಸೆಲ್ ಪ್ರಶ್ನೆಗಳು

ಹೋದ ತಿಂಗಳು ಎಕ್ಸೆಲ್ ಬಗ್ಗೆ ಏನಿದ್ದರೂ ಕೇಳಿ ಎಂದು ಬರೆದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರು: ಕೆಲಸ ಬೇಗ ಮುಗಿಯಲ್ಲ. ನಾನು ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಮಂಡಿಯಲ್ಲಿ ಹದಿನಾಲ್ಕು ವರ್ಷ ಲೆಕ್ಕ ಬರೆದವಳು. ಮೊದಲು ಉದ್ದನೆಯ ಕೆಂಪು ಪುಸ್ತಕ, ಆಮೇಲೆ ಕಂಪ್ಯೂಟರ್. ಈಗ ಸಂಜೆ ಹೊತ್ತು ಮನೆಯಲ್ಲೇ ನಾಲ್ಕಾರು ಜನಕ್ಕೆ ಹೇಳಿಕೊಡುತ್ತೇನೆ. ಹಾಗಾಗಿ ನನ್ನ ಉತ್ತರಗಳಲ್ಲಿ ಮೆಕ್ಕೆಜೋಳದ ಧೂಳು ಸ್ವಲ್ಪ ಜಾಸ್ತಿ. ಸಹಿಸಿಕೊಳ್ಳಿ.

ಪ್ರಶ್ನೆ: ಮೇಡಂ, ನಾನು ಮಂಡಿಯಲ್ಲಿ ಗುಮಾಸ್ತ. ಒಬ್ಬೊಬ್ಬ ರೈತರಿಗೆ ಒಂದೊಂದು ಶೀಟ್ ಮಾಡಿಟ್ಟಿದ್ದೇನೆ. ಈಗ 180 ಶೀಟ್ ಆಗಿವೆ. ತಿಂಗಳ ಕೊನೆಗೆ ಒಟ್ಟು ಆವಕ, ಒಟ್ಟು ಮೊತ್ತ ತೆಗೆಯಲು ಎರಡು ದಿನ ಹಿಡಿಯುತ್ತದೆ. ಏನಾದರೂ ಶಾರ್ಟ್‌ಕಟ್ ಹೇಳಿ.
ಓದುಗರು, ದಾವಣಗೆರೆ

ಉತ್ತರ: ಶಾರ್ಟ್‌ಕಟ್ ಕೇಳಿದ್ದೀರಿ, ನಾನು ಬೈಗುಳದಿಂದ ಶುರು ಮಾಡ್ತೀನಿ. ನಿಮ್ಮ ಬೆರಳು ನಿಧಾನ ಅಲ್ಲ. ಪುಸ್ತಕ ತಲೆಕೆಳಗಾಗಿದೆ.

ಹಳೇ ಮಂಡಿ ಲೆಕ್ಕ ನೆನಪು ಮಾಡಿಕೊಳ್ಳಿ. ಮೊದಲು ಕಿರ್ದಿ. ದಿನಾ ನಡೆದದ್ದನ್ನು ನಡೆದ ಹಾಗೆ, ಸಾಲಿಗೊಂದರಂತೆ ಬರೆಯೋದು. ಆಮೇಲೆ ಅದನ್ನು ನೋಡಿಕೊಂಡು ಖಾತೆ, ಯಾರ ಹೆಸರಿಗೆ ಎಷ್ಟು ಅಂತ. ಕಿರ್ದಿ ಬಿಟ್ಟು ನೇರ ಖಾತೆಗೆ ಕೈ ಹಾಕಿದರೆ ನಮ್ಮ ಹಿರಿಯ ಗುಮಾಸ್ತರು ಪೆನ್ನು ಕಿತ್ತುಕೊಳ್ಳುತ್ತಿದ್ದರು. ನೀವು ಮಾಡಿರೋದು ಅದೇ. 180 ಖಾತೆ ಇವೆ, ಕಿರ್ದಿಯೇ ಇಲ್ಲ.

ಒಂದೇ ಒಂದು ಶೀಟ್ ಮಾಡಿ. ಮೇಲಿನ ಸಾಲಿನಲ್ಲಿ ದಿನಾಂಕ, ಪಟ್ಟಿ (ಬಿಲ್) ನಂಬರ್, ರೈತರ ಹೆಸರು, ಊರು, ಮಾಲು, ಚೀಲ, ತೂಕ, ದರ, ಮೊತ್ತ. ಒಂದು ಲಾಟಿಗೆ, ಅಂದರೆ ಒಬ್ಬ ರೈತರು ಒಮ್ಮೆ ತಂದ ಒಂದು ಮಾಲಿಗೆ, ಒಂದು ಸಾಲು. ನಡುವೆ ಖಾಲಿ ಸಾಲು ಬೇಡ, ದಿನದ ಟೋಟಲ್ ಬೇಡ, ಸೆಲ್ ಮರ್ಜ್ ಮಾಡಿ ಚಂದ ಮಾಡೋದಂತೂ ಬೇಡವೇ ಬೇಡ. ಒಳಗೆ ಎಲ್ಲಾದರೂ ಕ್ಲಿಕ್ ಮಾಡಿ ಕಂಟ್ರೋಲ್ ಮತ್ತು ಟಿ ಒತ್ತಿ. ಅದು ಟೇಬಲ್ ಆಗುತ್ತದೆ. ಇನ್ನು ಮೊತ್ತದ ಕಾಲಂನಲ್ಲಿ ಒಂದು ಸಾಲಿಗೆ ಫಾರ್ಮುಲಾ ಬರೆದರೆ ಸಾಕು, ಕೆಳಗಿನದಕ್ಕೆಲ್ಲ ತಾನೇ ಹರಿಯುತ್ತದೆ. ನಾಳೆ ಹೊಸ ಸಾಲು ಸೇರಿಸಿದರೆ ಅದಕ್ಕೂ ಬರುತ್ತದೆ. ಒಂದು ಎಚ್ಚರಿಕೆ: ದರ ಕ್ವಿಂಟಲ್ಲಿಗೆ, ತೂಕ ಕೆ.ಜಿ.ಯಲ್ಲಿ. ಹಾಗಾಗಿ ತೂಕವನ್ನು ನೂರರಿಂದ ಭಾಗಿಸಿ ದರದಿಂದ ಗುಣಿಸಬೇಕು. 2,520 ಕೆ.ಜಿ., ದರ 2,100 ಅನ್ನಿ. ಮೊತ್ತ 52,920 ಬರಬೇಕು. ಬಾಯಿಲೆಕ್ಕದಲ್ಲಿ ಒಂದು ಸಾಲು ತಾಳೆ ನೋಡಿಯೇ ಮುಂದೆ ಹೋಗಿ.

ಈಗ ಖಾತೆ. ಇನ್ಸರ್ಟ್‌ನಲ್ಲಿ ಪಿವಟ್ ಟೇಬಲ್ ಒತ್ತಿ. ಸಾಲುಗಳನ್ನು ಗುಂಪು ಮಾಡಿ ಕೂಡಿಕೊಡುವುದೇ ಇದರ ಕೆಲಸ. ರೈತರ ಹೆಸರನ್ನು ರೋಸ್ ಎಂಬ ಪೆಟ್ಟಿಗೆಗೆ ಎಳೆಯಿರಿ, ಚೀಲ ಮತ್ತು ಮೊತ್ತವನ್ನು ವ್ಯಾಲ್ಯೂಸ್ ಪೆಟ್ಟಿಗೆಗೆ. ಅಷ್ಟೇ. ನಿಮ್ಮ ಎರಡು ದಿನದ ಕೆಲಸ ಚಹಾ ಆರುವ ಮೊದಲು ಮುಗಿಯಿತು. ಹೆಸರು ತೆಗೆದು ಊರು ಹಾಕಿದರೆ ಊರುವಾರು ಲೆಕ್ಕ, ಮಾಲು ಹಾಕಿದರೆ ಮಾಲುವಾರು. ಹೊಸ ಸಾಲು ಸೇರಿಸಿದ ಮೇಲೆ ಪಿವಟ್ ಮೇಲೆ ರೈಟ್ ಕ್ಲಿಕ್ ಮಾಡಿ ರಿಫ್ರೆಶ್ ಕೊಡಿ. ಹೆಚ್ಚಿನ ಎಕ್ಸೆಲ್‌ಗಳಲ್ಲಿ ಅದು ತಾನಾಗಿ ಬದಲಾಗಲ್ಲ. ಇದನ್ನು ಮರೆತು ಹಳೇ ಅಂಕಿ ಸಾಹುಕಾರರಿಗೆ ತೋರಿಸಿದವರು ಬಹಳ ಜನ.

ಹಾಗಾದರೆ ಇರುವ 180 ಶೀಟ್ ಏನು ಮಾಡೋದು? ಕಾಪಿ ಪೇಸ್ಟ್ ಮಾಡುತ್ತಾ ಕೂರಬೇಡಿ. ಹೊಸ ಫೈಲ್ ತೆರೆದು ಡೇಟಾ, ಗೆಟ್ ಡೇಟಾ, ಫ್ರಮ್ ಫೈಲ್ ಮೂಲಕ ನಿಮ್ಮ ಹಳೇ ಫೈಲ್ ಆರಿಸಿ. ಎಡಗಡೆ ಶೀಟುಗಳ ಪಟ್ಟಿ ಬರುತ್ತದೆ. ಎಲ್ಲಕ್ಕೂ ಮೇಲೆ ಫೈಲಿನ ಹೆಸರಿರುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಟ್ರಾನ್ಸ್‌ಫಾರ್ಮ್ ಡೇಟಾ ಕೊಡಿ. ಡೇಟಾ ಎಂಬ ಕಾಲಂನ ತಲೆಯ ಮೇಲೆ ಎರಡು ಬಾಣದ ಗುರುತು ಇದೆ. ಒತ್ತಿದರೆ ಅಷ್ಟೂ ಶೀಟ್ ಒಂದರ ಕೆಳಗೆ ಒಂದು ಬಂದು ಕೂರುತ್ತವೆ. ಮಜಾ ಅಂದರೆ, ಪಕ್ಕದ ಕಾಲಂನಲ್ಲಿ ಶೀಟಿನ ಹೆಸರೂ ಬರುತ್ತದೆ. ನೀವು ಶೀಟಿಗೆ ರೈತರ ಹೆಸರೇ ಇಟ್ಟಿದ್ದೀರಲ್ವಾ? ಆ ಕಾಲಂ ಪುಕ್ಕಟೆ ಸಿಕ್ಕಿತು. ಎಲ್ಲ ಶೀಟಿನಲ್ಲೂ ಕಾಲಂ ಒಂದೇ ಕ್ರಮದಲ್ಲಿ ಇರಬೇಕು, ಅಷ್ಟೇ ಷರತ್ತು. ಪ್ರತಿ ಶೀಟಿನ ತಲೆಬರಹದ ಸಾಲೂ ಜೊತೆಗೆ ಬರುತ್ತದೆ, ಫಿಲ್ಟರ್ ಹಾಕಿ ತೆಗೆದುಹಾಕಿ. ಈ ಸೌಲಭ್ಯ ಎಕ್ಸೆಲ್ 2016ರಿಂದ ಅದರೊಳಗೇ ಇದೆ.

ಇನ್ನೊಂದು ಮಾತು. ಹನುಮಂತಪ್ಪ ಅಂತ ಒಮ್ಮೆ, ಹನುಮಂತಪ್ಪನವರು ಅಂತ ಒಮ್ಮೆ ಬರೆದರೆ ಪಿವಟ್‌ಗೆ ಅವರು ಇಬ್ಬರು. ಒಂದೇ ಊರಲ್ಲಿ ಐದು ಹನುಮಂತಪ್ಪ ಇದ್ದರೆ, ಇದ್ದೇ ಇರ್ತಾರೆ, ಅವರೆಲ್ಲ ಒಬ್ಬರೇ ಆಗಿಬಿಡುತ್ತಾರೆ. ಪ್ರತಿ ರೈತರಿಗೂ ಒಂದು ನಂಬರ್ ಕೊಟ್ಟುಬಿಡಿ. ನಂಬರ್ ಹಾಕಿದರೆ ಹೆಸರು, ಊರು ಬರುವ ಹಾಗೆ ಎಕ್ಸ್‌ಲುಕಪ್ ಹಾಕಿ. ಹಳೇ ಎಕ್ಸೆಲ್ ಇದ್ದರೆ ವಿಲುಕಪ್.

ಒಂದೇ ಶೀಟಲ್ಲಿ ಜಾಗ ಸಾಲುತ್ತಾ ಅಂತ ಕೇಳ್ತೀರಿ, ಗೊತ್ತು. 2007ಕ್ಕೆ ಮುಂಚೆ 65,536 ಸಾಲಷ್ಟೇ ಇತ್ತು. ಈಗ 10,48,576. ದಿನಕ್ಕೆ 60 ಲಾಟು, ವರ್ಷಕ್ಕೆ 300 ದಿನ ಬರೆದರೂ ತುಂಬಲು 58 ವರ್ಷ ಬೇಕು.

ಪ್ರಶ್ನೆ: ಅಕ್ಕ, ಸಾರ್ಟ್ ಮಾಡೋಕೆ ಹೆದರಿಕೆ ಆಗುತ್ತೆ. ಒಮ್ಮೆ ಎಲ್ಲ ಕಲಸುಮೇಲೋಗರ ಆಗಿತ್ತು.
ಓದುಗರು, ಜಗಳೂರು

ಉತ್ತರ: ಹೆದರಿಕೆ ಇರಲಿ, ಒಳ್ಳೆಯದೇ. ನನ್ನ ಕಥೆ ಹೇಳ್ತೀನಿ ಕೇಳಿ. ಮಂಡಿಗೆ ಕಂಪ್ಯೂಟರ್ ಬಂದ ಹೊಸತು. ಹೆಸರು, ಊರು ಆದ ಮೇಲೆ ಕಣ್ಣಿಗೆ ಆರಾಮಾಗಿರಲಿ ಅಂತ ಒಂದು ಖಾಲಿ ಕಾಲಂ ಬಿಟ್ಟಿದ್ದೆ. ಆಮೇಲೆ ಚೀಲ, ತೂಕ, ದರ. ಒಂದು ಶನಿವಾರ ಸಂಜೆ ಹೆಸರಿನ ಮೇಲೆ ಕ್ಲಿಕ್ ಮಾಡಿ ಎ ಇಂದ ಝಡ್ ಒತ್ತಿದೆ. ಹೆಸರುಗಳು ಸಾಲಾಗಿ ನಿಂತವು. ಖಾಲಿ ಕಾಲಂನ ಆಚೆಗಿದ್ದ ಚೀಲ, ತೂಕ ಮಾತ್ರ ಅಲ್ಲಾಡಲೇ ಇಲ್ಲ. ಖಾಲಿ ಕಾಲಂ ಅಂದರೆ ಎಕ್ಸೆಲ್‌ಗೆ ಗೋಡೆ. ಗೋಡೆಯ ಆಚೆಗಿನದು ಬೇರೆ ಮನೆ ಎಂದುಕೊಳ್ಳುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ನಾನು ಸೇವ್ ಮಾಡಿ, ಪಟ್ಟಿ ಪ್ರಿಂಟ್ ತೆಗೆದು ಮನೆಗೆ ಹೋದೆ.

ಸೋಮವಾರ ಬೆಳಗ್ಗೆ ಹಿರಿಯರೊಬ್ಬರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದರು. "ಯವ್ವಾ, ನಂದು ನಲವತ್ತೆರಡು ಚೀಲ ಐತಿ, ಇದ್ರಾಗ ಹದಿನೇಳು ಅಂತ ಬರದಿಯಲ್ಲ" ಅಂದರು. ಹಮಾಲರ ಚೀಟಿ ಹುಡುಕಿ ಹುಡುಕಿ ಎಲ್ಲ ಸರಿ ಮಾಡುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ. ಆವತ್ತು ಊಟ ಅಂದರೆ ಮಂಡಕ್ಕಿ, ಮೆಣಸಿನಕಾಯಿ.

ಆಮೇಲಿಂದ ಎರಡು ಅಭ್ಯಾಸ ಮಾಡಿಕೊಂಡೆ. ಖಾಲಿ ಕಾಲಂ ಬಿಡಲ್ಲ. ಮೊದಲ ಕಾಲಂನಲ್ಲಿ 1, 2, 3 ಎಂದು ಕ್ರಮಸಂಖ್ಯೆ ಹಾಕಿಡುತ್ತೇನೆ. ಹೇಗೆ ಬೇಕಾದರೂ ಸಾರ್ಟ್ ಮಾಡಿ, ಕೊನೆಗೆ ಆ ಕಾಲಂನಿಂದ ಸಾರ್ಟ್ ಮಾಡಿದರೆ ಮೊದಲಿದ್ದ ಹಾಗೇ ಬರುತ್ತದೆ. ಒಂದೇ ಕಾಲಂ ಪೂರ್ತಿ ಸೆಲೆಕ್ಟ್ ಮಾಡಿ ಸಾರ್ಟ್ ಒತ್ತಿದಾಗ ಎಕ್ಸೆಲ್ ಒಂದು ಪ್ರಶ್ನೆ ಕೇಳುತ್ತದೆ. ಅಲ್ಲಿ ಎಕ್ಸ್‌ಪ್ಯಾಂಡ್ ದ ಸೆಲೆಕ್ಷನ್ ಎಂಬುದನ್ನೇ ಆರಿಸಿ.

ಪ್ರಶ್ನೆ: ಶಾಲೆಯ ಮಕ್ಕಳ ಹೆಸರನ್ನು ನುಡಿಯಲ್ಲಿ ಟೈಪ್ ಮಾಡಿದ್ದೇವೆ. ಹುಡುಕಿದರೆ ಸಿಗಲ್ಲ, ಅಕ್ಷರದ ಕ್ರಮದಲ್ಲೂ ಬರಲ್ಲ. ಬೇರೆ ಕಂಪ್ಯೂಟರಿಗೆ ಕಳಿಸಿದರೆ ಏನೇನೋ ಕಾಣುತ್ತೆ.
ಓದುಗರು, ಚಿತ್ರದುರ್ಗ

ಉತ್ತರ: ಒಂದು ಪರೀಕ್ಷೆ ಮಾಡಿ. ಒಂದು ಹೆಸರಿನ ಫಾಂಟ್ ಅನ್ನು ಏರಿಯಲ್‌ಗೆ ಬದಲಿಸಿ. ಕನ್ನಡ ಮಾಯವಾಗಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಂಡವಾ? ಹಾಗಿದ್ದರೆ ಅದು ಹಳೇ ಪದ್ಧತಿಯ ನುಡಿ ಫಾಂಟ್. ಮೇಲೆ ಕನ್ನಡದ ಬಣ್ಣ, ಒಳಗೆ ಬೇರೇನೋ. ಎಕ್ಸೆಲ್ ಒಳಗಿನದನ್ನೇ ನೋಡಿ ಸಾರ್ಟ್ ಮಾಡುತ್ತದೆ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯುನಿಕೋಡ್, ಅದಕ್ಕೆ ಬದಲಿಸದೆ ಬೇರೆ ದಾರಿ ಇಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಜೊತೆಗೇ ಪರಿವರ್ತಕ ಸಿಗುತ್ತದೆ. ಮೊದಲು ಫೈಲಿನ ಒಂದು ಪ್ರತಿ ಬೇರೆ ಇಟ್ಟುಕೊಳ್ಳಿ. ಕನ್ನಡ ಇರುವ ಕಾಲಂ ಮಾತ್ರ ಬದಲಿಸಿ. ಇಂಗ್ಲಿಷ್ ಹೆಸರಿನ ಕಾಲಂ ಜೊತೆಗೆ ಹೋದರೆ ಅದೂ ಕನ್ನಡ ಅಕ್ಷರಗಳಾಗಿ ಕೆಡುತ್ತದೆ. ವಾಪಸ್ ಪೇಸ್ಟ್ ಮಾಡಿದ ಮೇಲೆ ಕಾಲಂ ಸೆಲೆಕ್ಟ್ ಮಾಡಿ, ಪರದೆಯ ತೀರಾ ಕೆಳಗಿನ ಪಟ್ಟಿಯಲ್ಲಿ ಕೌಂಟ್ ಎಷ್ಟು ತೋರಿಸುತ್ತದೆ ನೋಡಿ. ಮೊದಲಿನಷ್ಟೇ ಇರಬೇಕು. ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿಂದಲೇ ಓದಿ. ತಿಪ್ಪೇರುದ್ರಸ್ವಾಮಿ, ದುರ್ಗಪ್ಪ ಇಂಥವು. ದುರ್ಗದ ಕಡೆ ತಿಪ್ಪೇಸ್ವಾಮಿಗಳಿಗೆ ಬರವಿಲ್ಲ, ಅವರನ್ನೇ ಮೊದಲು ನೋಡಿ.

ಪ್ರಶ್ನೆ: ಕಲಿಯಲೇಬೇಕಾದ 50 ಶಾರ್ಟ್‌ಕಟ್ ಕೀಗಳ ಪಟ್ಟಿ ಕೊಡಿ.
ಓದುಗರು, ಹರಿಹರ

ಉತ್ತರ: ಕೊಡಲ್ಲ. ಗೋಡೆಗೆ ಅಂಟಿಸಿ ಮರೆತುಬಿಡ್ತೀರಿ. ಮೂರೋ ನಾಲ್ಕೋ ಸಾಕು. ಕಂಟ್ರೋಲ್ ಜೊತೆ ಕೆಳಬಾಣ ಒತ್ತಿದರೆ ಕಾಲಂನ ಕೊನೆಗೆ ಹಾರುತ್ತೀರಿ, ಶಿಫ್ಟ್ ಸೇರಿಸಿದರೆ ಅಲ್ಲಿತನಕ ಸೆಲೆಕ್ಟ್ ಆಗುತ್ತದೆ. ಕಂಟ್ರೋಲ್ ಮತ್ತು ಸೆಮಿಕೋಲನ್ ಒತ್ತಿದರೆ ಇವತ್ತಿನ ತಾರೀಖು. ಆಲ್ಟ್ ಮತ್ತು ಸಮ ಚಿಹ್ನೆ ಒತ್ತಿದರೆ ಮೊತ್ತ.

ಇನ್ನೊಂದು ನನಗೆ ಬಹಳ ಇಷ್ಟ. ಕಂಟ್ರೋಲ್ ಮತ್ತು ಇ, ಫ್ಲ್ಯಾಶ್ ಫಿಲ್. ಎಕ್ಸೆಲ್ 2013ರಿಂದ ಇದೆ. ನಿಮ್ಮ ಹತ್ತಿರ 300 ವ್ಯಾಪಾರಿಗಳ ಜಿಎಸ್‌ಟಿ ನಂಬರ್ ಇವೆ, ಅದರಿಂದ ಪ್ಯಾನ್ ಬೇಕು ಅನ್ನಿ. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ. ಮೊದಲೆರಡು ರಾಜ್ಯದ್ದು, ಕರ್ನಾಟಕಕ್ಕೆ 29. ಅದರ ಮುಂದಿನ ಹತ್ತು ಅಕ್ಷರವೇ ಪ್ಯಾನ್. ಪಕ್ಕದ ಕಾಲಂನಲ್ಲಿ ಮೊದಲನೆಯವರ ಪ್ಯಾನ್ ಕೈಯಾರೆ ಟೈಪ್ ಮಾಡಿ, ಎಂಟರ್ ಒತ್ತಿ, ಕಂಟ್ರೋಲ್ ಇ ಒತ್ತಿ. ಉಳಿದ 299 ತಾವೇ ಬರುತ್ತವೆ. ಆದರೆ ಇದು ಫಾರ್ಮುಲಾ ಅಲ್ಲ. ನಾಳೆ ಜಿಎಸ್‌ಟಿ ನಂಬರ್ ತಿದ್ದಿದರೆ ಪ್ಯಾನ್ ತಿದ್ದುಪಡಿ ಆಗಲ್ಲ. ಪದೇ ಪದೇ ಬದಲಾಗುವ ಪಟ್ಟಿಯಾದರೆ ಮಿಡ್ ಫಾರ್ಮುಲಾ ಹಾಕಿ, ಮೂರನೇ ಅಕ್ಷರದಿಂದ ಹತ್ತು.

ಪ್ರಶ್ನೆ: ನಮ್ಮದು ಎಣ್ಣೆ ಮಿಲ್. ಬ್ಯಾಂಕಿನಿಂದ ಇಳಿಸಿದ ಸಿಎಸ್‌ವಿ ಫೈಲ್ ತೆರೆದರೆ ಜೂನ್ 5 ಹೋಗಿ ಮೇ 6 ಆಗಿದೆ. ಕೆಲವು ತಾರೀಖು ಮಾತ್ರ ಸರಿಯಾಗಿ ಕಾಣುತ್ತವೆ.
ಓದುಗರು, ಚಳ್ಳಕೆರೆ

ಉತ್ತರ: ಸರಿ ಕಾಣುತ್ತಿರುವವೂ ಸರಿ ಇಲ್ಲ. ನಿಮ್ಮ ಕಂಪ್ಯೂಟರ್ ಅಮೆರಿಕದ ಪದ್ಧತಿಯಲ್ಲಿದೆ, ತಿಂಗಳು ಮೊದಲು. 12ರ ತನಕದ ದಿನಗಳನ್ನು ತಿಂಗಳೆಂದು ತಿಳಿದು ಅದಲು ಬದಲು ಮಾಡಿದೆ. 13ರಿಂದ ಮುಂದಿನದು ತಿಂಗಳಾಗಲು ಸಾಧ್ಯವಿಲ್ಲವಲ್ಲ, ಅವನ್ನು ಸುಮ್ನೆ ಅಕ್ಷರ ಎಂದು ಬಿಟ್ಟಿದೆ. ನೋಡಿ, ಅವು ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತವೆ, ನಿಜವಾದ ತಾರೀಖು ಬಲಕ್ಕೆ. ಈ ಫೈಲನ್ನು ತಿದ್ದುತ್ತಾ ಕೂರಬೇಡಿ, ಮುಚ್ಚಿಬಿಡಿ. ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ನಲ್ಲಿ ಇಂಗ್ಲಿಷ್ ಇಂಡಿಯಾ ಆರಿಸಿ. ಎಕ್ಸೆಲ್ ಪೂರ್ತಿ ಮುಚ್ಚಿ, ಬ್ಯಾಂಕಿನಿಂದ ಬಂದ ಮೂಲ ಫೈಲನ್ನು ಮತ್ತೆ ತೆರೆಯಿರಿ.

ಅದೇ ಫೈಲಿನಲ್ಲಿ ಖಾತೆ ನಂಬರಿನ ಮುಂದಿನ ಸೊನ್ನೆಗಳೂ ಹೋಗಿರುತ್ತವೆ, ನೋಡಿಕೊಳ್ಳಿ. 15ಕ್ಕಿಂತ ಹೆಚ್ಚು ಅಂಕಿಯ ನಂಬರ್ ಇದ್ದರಂತೂ ಕೊನೆಯವು ಸೊನ್ನೆ ಆಗಿಬಿಡುತ್ತವೆ. ಅಂಥ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯದೆ ಡೇಟಾ ಮೆನುವಿನಿಂದ ಒಳಗೆ ತನ್ನಿ, ಆ ಕಾಲಂ ಅನ್ನು ಟೆಕ್ಸ್ಟ್ ಎಂದು ಹೇಳಿ.

ಪ್ರಶ್ನೆ: 12,345,678 ಅಂತ ಬರುತ್ತೆ. ಲಕ್ಷ, ಕೋಟಿ ಬರುವ ಹಾಗೆ ಕಾಮಾ ಹಾಕೋದು ಹೇಗೆ?
ಓದುಗರು, ಹೊನ್ನಾಳಿ

ಉತ್ತರ: ಇದೂ ಅದೇ ರೀಜನ್ ಸೆಟ್ಟಿಂಗ್. ಒಳಗೆ ಅಡಿಷನಲ್ ಸೆಟ್ಟಿಂಗ್ಸ್, ಅಲ್ಲಿ ಡಿಜಿಟ್ ಗ್ರೂಪಿಂಗ್. 12,34,56,789 ಎಂದಿರುವುದನ್ನು ಆರಿಸಿ. ಒಮ್ಮೆ ಮಾಡಿದರೆ ಆ ಕಂಪ್ಯೂಟರಿನ ಎಲ್ಲ ಫೈಲಿಗೂ ಬರುತ್ತದೆ. ಸಾಹುಕಾರರ ಮನೆಯ ಲ್ಯಾಪ್‌ಟಾಪಿನಲ್ಲಿ ಬೇರೆಯಾಗಿಯೇ ಮಾಡಿಕೊಡಬೇಕು, ಇಲ್ಲಾಂದ್ರೆ ಅಲ್ಲಿ ತೆರೆದಾಗ ಮತ್ತೆ ಮಿಲಿಯನ್ನೇ.