ಲ್ಯಾಪ್‌ಟಾಪ್ ಇಲ್ಲದೆ ಪ್ರವಾಸದಿಂದ ಫೋಟೋ ಕಳಿಸುವುದು

ಕ್ಯಾಮೆರಾದ ಫೋಟೋಗಳನ್ನು ಲ್ಯಾಪ್‌ಟಾಪ್ ಇಲ್ಲದೆ ದಿನಾ ಮನೆಯವರಿಗೆ ಕಳಿಸುವುದು ಹೇಗೆ, ವಾಟ್ಸಾಪ್‌ನಲ್ಲಿ ಮಸುಕಾಗುತ್ತವೆ ಅಂತ ಕೇಳಿದ್ದೀರಿ.

ಫೋನಿಗೆ ಚುಚ್ಚುವ ಕಾರ್ಡ್ ರೀಡರ್ ಒಂದು ತೆಗೆದುಕೊಳ್ಳಿ. ಕ್ಯಾಮೆರಾದ ವೈಫೈಗಿಂತ ಬೇಗ ಕೆಲಸ ಮುಗಿಯುತ್ತದೆ, ಕ್ಯಾಮೆರಾ ಬ್ಯಾಟರಿಯೂ ಉಳಿಯುತ್ತದೆ. ಕ್ಯಾಮೆರಾದಲ್ಲಿ ರಾ (RAW, ಕ್ಯಾಮೆರಾದ ದೊಡ್ಡ ಮೂಲ ಫೈಲ್) ಜೊತೆ ಜೆಪೆಗ್ (ಮಾಮೂಲಿ ಚಿಕ್ಕ ಫೋಟೋ ಫೈಲ್) ಕೂಡ ಸೇವ್ ಆಗುವಂತೆ ಸೆಟ್ ಮಾಡಿ, ಫೋನಿಗೆ ಜೆಪೆಗ್ ಮಾತ್ರ ಹಾಕಿಕೊಳ್ಳಿ. ಹೋಟೆಲ್ ವೈಫೈಯಲ್ಲಿ ರಾ ಫೈಲ್ ಕಳಿಸಲು ಕೂತರೆ ರಾತ್ರಿಯೆಲ್ಲ ಅದೇ ಆಗುತ್ತದೆ.

ವಾಟ್ಸಾಪ್‌ನಲ್ಲಿ ಫೋಟೋ ಬದಲು ಡಾಕ್ಯುಮೆಂಟ್ ಆರಿಸಿ ಕಳಿಸಿ. ಆಗ ಫೈಲ್ ಇದ್ದ ಹಾಗೇ ಹೋಗುತ್ತದೆ. ಫೋಟೋದಲ್ಲಿ ಜಾಗದ ಜಿಪಿಎಸ್ ವಿವರವಿದ್ದರೆ ಅದೂ ಜೊತೆಗೇ ಹೋಗುತ್ತದೆ. ಮನೆಯವರಿಗಾದರೆ ಪರವಾಗಿಲ್ಲ, ದೊಡ್ಡ ಗ್ರೂಪಿಗೆ ಬೇಡ. ಸುಮ್ನೆ ನೋಡಲಿಕ್ಕಾದರೆ ಉದ್ದದ ಬದಿಯನ್ನು 2048 ಪಿಕ್ಸೆಲ್‌ಗೆ ಇಳಿಸಿ. ಫೋನಿನಲ್ಲಿ ಅಷ್ಟು ಸಾಕಲ್ವಾ?

ದಯವಿಟ್ಟು, ಕಳಿಸಿಯಾಯಿತು ಅಂತ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ರಾ ಫೈಲ್ ಇರುವುದು ಅದರಲ್ಲಿ ಮಾತ್ರ. ಗೂಗಲ್ ಫೋಟೋಸ್ ನಂಬಿದರೂ, ಉಚಿತ 15 ಜಿಬಿ ಜಿಮೇಲ್, ಡ್ರೈವ್ ಎಲ್ಲಕ್ಕೂ ಸೇರಿ ಇರುವುದು. ತುಂಬಿದರೆ ಬ್ಯಾಕಪ್ ನಿಂತುಬಿಡುತ್ತದೆ. ಕಾರ್ಡ್ ಒಂದು ಜಾಸ್ತಿಯೇ ಇರಲಿ. ತುಂಬಿದ್ದನ್ನು ಕ್ಯಾಮೆರಾ ಬ್ಯಾಗಿನಲ್ಲಿ ಇಡದೆ ಬೇರೆ ಕಡೆ ಇಡಿ.